ಫಕೀರಮ್ಮ ಹೇಳಿದ ಸುಳ್ಳು

ಫಕೀರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ನಮ್ಮ ಸಭೆಯ ಗಂಡಸರು ಇಂದಿಗೂ ಹೇಳುತ್ತಾರೆ. ಹೇಳಲಿ. ಆ ಸಿಟ್ಟು ಯಾಕೆ ಬಂತು, ಯಾರು ಬರಿಸಿದರು ಎಂಬುದನ್ನು ಮಾತ್ರ ಒಬ್ಬನೂ ಬಾಯಿಬಿಡುವುದಿಲ್ಲ. ನಾನು ಹೇಳುತ್ತೇನೆ. ಅಂದು ನಾನು ಅಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ, ಹಾಗಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಅದು ನಿಜಾಮರ ಕಾಲ. ಕೊಪ್ಪಳದಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ದಾರಿಯ ಪಕ್ಕ, ಬಿಷಪ್ಪರ ಕೈಕೆಳಗಿನ ನಮ್ಮ ಸಣ್ಣ ಆಂಗ್ಲಿಕನ್ ಸಭೆ ಇತ್ತು. ಮೂವತ್ತೆಂಟು ಮನೆ, ಹಂಚಿನ ಒಂದು ದೇವಾಲಯ, ಅದರ ಹಿಂದೆ ಕಲ್ಲುಗೋಡೆ ಕಟ್ಟಿದ ಸಮಾಧಿ ಹಿತ್ತಲು. ಪಾದ್ರಿ ಅಯ್ಯನವರು ಇದ್ದದ್ದು ಗದಗಿನಲ್ಲಿ. ತಿಂಗಳ ಮೊದಲನೆಯ ಭಾನುವಾರ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೊರಟುಬಿಡುತ್ತಿದ್ದರು. ಮಿಕ್ಕ ದಿನಗಳಿಗೆಲ್ಲ ಉಪದೇಶಿ ಕೊಟ್ರಪ್ಪನವರೇ ದೊರೆ. ಪ್ರಾರ್ಥನೆ ಓದುವವರು ಅವರು, ಹುಟ್ಟುಸಾವಿನ ದಫ್ತರ ಬರೆಯುವವರು ಅವರು, ಹಿತ್ತಲಿನ ಬೀಗದಕೈ ಇಟ್ಟುಕೊಂಡವರೂ ಅವರೇ. ವ್ಯಾಪಾರದ ಮನೆತನದಿಂದ ಬಂದು ಕ್ರೈಸ್ತರಾದವರು. ಜಾತಿ ಬಿಟ್ಟು ಬಂದೆ ಎಂದು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ನಿಜವಾಗಿ ಬಿಟ್ಟವರು ಅಷ್ಟು ಸಲ ಹೇಳುತ್ತಾರೆಯೇ?

ಸಭೆಯಲ್ಲಿ ಸೇವೆಯ ಗುಂಪುಗಳಿಗೆ ಬರವಿರಲಿಲ್ಲ. ಹಾಡುವವರದು ಒಂದು, ಗಂಟೆ ಹೊಡೆಯುವವರದು ಒಂದು, ಸತ್ತವರಿಗೆ ಗುಣಿ ತೆಗೆಯುವವರದು ಇನ್ನೊಂದು. ಇವೆಲ್ಲ ಗಂಡಸರವು. ಬಿಷಪ್ಪರು ವರ್ಷಕ್ಕೊಮ್ಮೆ ಬಂದಾಗ ಮುಂದಿನ ಸಾಲಿನಲ್ಲಿ ಎದೆ ಉಬ್ಬಿಸಿ ಕೂರುವುದು ಇವರ ಮುಖ್ಯ ಸೇವೆ. ಹೆಂಗಸರಿಗೆ ಇದ್ದದ್ದು ತಾಯಂದಿರ ಸಂಘ ಮಾತ್ರ. ದೇವಾಲಯದ ಕಸ ಗುಡಿಸು, ವೇದಿಯ ಬಟ್ಟೆ ಒಗೆ, ಜ್ವರ ಬಂದವರಿಗೆ ಗಂಜಿ ಒಯ್ಯಿ, ಬಾಣಂತಿಯ ಮನೆಗೆ ಹೋಗಿ ಕೂಡು. ನಾನು ಸಭೆಯ ಶಾಲೆಯಲ್ಲಿ ಕಲಿಸುತ್ತಿದ್ದೆ, ಎಲ್ಲರಿಗೂ ‘ಅಕ್ಕಾರ’. ಸಂಘದಲ್ಲಿ ಓದುಬರಹ ಬಲ್ಲವಳು ನಾನೊಬ್ಬಳೇ ಆದದ್ದರಿಂದ ಕಾರ್ಯದರ್ಶಿ ನಾನು. ಆದರೆ ಸಂಘ ನಡೆಯುತ್ತಿದ್ದದ್ದು ಫಕೀರಮ್ಮನಿಂದ.

ಆಕೆ ಹನುಮಸಾಗರದ ಕಡೆಯವಳು. ಹುಚ್ಚೀರಪ್ಪನ ಕೈಹಿಡಿದು ಕೊಪ್ಪಳಕ್ಕೆ ಬಂದು, ಅರಳೆ ಕಾರಖಾನೆಯಲ್ಲಿ ಹೊರೆ ಹೊತ್ತು, ಮೂವತ್ತಕ್ಕೇ ಗಂಡನನ್ನು ಕಳಕೊಂಡವಳು. ಹೆತ್ತ ಎರಡು ಕೂಸುಗಳೂ ವಾರ ತುಂಬುವ ಮೊದಲೇ ಹೋಗಿದ್ದವು. ಎರಡನ್ನೂ ಯಾರದೋ ಹೊಲದ ಬದುವಿನಲ್ಲಿ ಹೂಳಿ ಬಂದಿದ್ದರು. ಮುಂದಿನ ಬಿತ್ತನೆಗೆ ಆ ಹೊಲದವ ಬದು ಒಡೆದು ಉತ್ತ. ಅದನ್ನು ಆಕೆ ಒಂದೇ ಒಂದು ಸಲ ನನಗೆ ಹೇಳಿದ್ದಳು. “ಆವತ್ತ ತಿಳೀತ್ರಿ ಅಕ್ಕಾರ, ಸತ್ತವರಿಗೂ ಒಂದು ಗ್ವಾಡಿ ಬೇಕು,” ಎಂದಿದ್ದಳು. ಆಕೆ ನಮ್ಮ ಸಭೆಗೆ ಸೇರಿದ್ದೇ ಆ ಗೋಡೆ ನೋಡಿ ಎಂದು ನನಗನಿಸುತ್ತದೆ. ಇದನ್ನು ಕೇಳಿದ್ದರೆ ಉಪದೇಶಿಗಳು ಅದನ್ನು ವಿಶ್ವಾಸ ಎನ್ನುತ್ತಿರಲಿಲ್ಲ. ನಾನು ಎನ್ನುತ್ತೇನೆ.

ಸಾವಿರದ ಒಂಬೈನೂರ ನಲವತ್ತರಲ್ಲಿ ಅಯ್ಯನವರು ಸಂಘದ ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿ ಒಂದು ಮಾತು ಕಲಿಸಿದರು. “ಹೆರಿಗೆ ಕೋಣೆಗೆ ಗಂಡಸು ಕಾಲಿಡುವಂತಿಲ್ಲ. ಕೂಸು ಹೋಗುವ ಹಾಗಿದ್ದರೆ ನಾನು ಗದಗಿನಿಂದ ಬರುವ ತನಕ ಅದು ಕಾಯುತ್ತದೆಯೇ? ಅಂಥ ಹೊತ್ತಿನಲ್ಲಿ ನಿಮ್ಮಲ್ಲಿ ಯಾರಾದರೂ ದೀಕ್ಷಾಸ್ನಾನ ಕೊಡಬಹುದು. ನೀರು ಹಾಕುವ ಕೈ, ಮಾತು ಹೇಳುವ ಬಾಯಿ ಎರಡೂ ಒಬ್ಬರದೇ ಆಗಿರಬೇಕು, ಅಷ್ಟೆ,” ಎಂದರು. ಫಕೀರಮ್ಮ ಆ ಮಾತನ್ನು ನನ್ನಿಂದ ನೂರು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು. ಅರಳೆ ಹೊರೆ ಹೊತ್ತಾಗಲೂ ಅದೇ ಗುನುಗು. ಕೊಟ್ರಪ್ಪನವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ, ಹುಳ್ಳಗೆ ನಕ್ಕು ಹೋಗಿದ್ದರು.

ಮರುವರ್ಷ ಜುಲೈ. ಅಯ್ಯನವರು ಬಂದು ಹೋಗಿ ಎರಡು ದಿನವಾಗಿತ್ತು. ಓಬಳೆಪ್ಪನ ಹೆಂಡತಿ ಹುಲಿಗವ್ವನಿಗೆ ನಡುಮಧ್ಯಾಹ್ನ ಹೆರಿಗೆಯಾಯಿತು. ಏಳೇ ತಿಂಗಳ ಹೆಣ್ಣುಕೂಸು, ಬೆರಳುಗಳೆಲ್ಲ ನೀಲಿ. ಕೋಣೆಯಲ್ಲಿದ್ದವರು ಸೂಲಗಿತ್ತಿ ಹಜರತಬೀ, ಫಕೀರಮ್ಮ ಇಬ್ಬರೇ. ಹಜರತಬೀ ಉಸಿರು ನೋಡಿ ತಲೆ ಅಲ್ಲಾಡಿಸಿದಳು. “ಇದು ನಿಲ್ಲಂಗಿಲ್ಲ ಬೇ. ನಿಮ್ಮ ದೇವರದು ಏನರ ಇದ್ರ ಲಗೂನ ಮಾಡ,” ಎಂದು ತನ್ನ ಕೊಡದಿಂದಲೇ ನೀರು ಬಗ್ಗಿಸಿ ಕೊಟ್ಟಳು. ಕೂಸಿಗೆ ಏನು ಹೆಸರೆಂದು ಫಕೀರಮ್ಮ ತಾಯಿಯನ್ನು ಕೇಳಿದಳು, “ರೂತ” ಎಂದಳು ಹುಲಿಗವ್ವ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಬಿತ್ತು. ಕಾಲು ಗಂಟೆಯಲ್ಲಿ ಕೂಸು ಹೋಯಿತು.

ಸಂಜೆಗೆ ಕೊಟ್ರಪ್ಪನವರ ಮನೆಯ ಮುಂದೆ ನಿಂತಿದ್ದೆವು. ಹಿತ್ತಲಿನ ಬೀಗ ತೆಗೆಯಬೇಕಿತ್ತಲ್ಲ. ಅವರು ತೆಗೆಯಲಿಲ್ಲ.

“ದೀಕ್ಷಾಸ್ನಾನ ಆಗದ ಕೂಸು ಅದು. ಗ್ವಾಡಿ ಒಳಗ ಜಾಗಾ ಇಲ್ಲ.”

“ಆಗೇತ್ರಿ. ನಾನ ಕೊಟ್ಟೇನಿ.”

“ನೀನ? ಅಕ್ಷರ ಬರದಾಕಿ ನೀನು. ನೀರು ಯಾರ ಕೊಡದ್ದು?”

“ಹಜರತಬೀದು.”

“ಕೇಳಿದ್ರ್ಯಾ? ಸಾಕ್ಷಿ ಯಾರು, ಅದೂ ಆಕಿನೇನು? ಆಕಿ ನೀರು, ಆಕಿ ಸಾಕ್ಷಿ! ಇದನ್ನ ನಾನು ದಫ್ತರದಾಗ ಬರೀಬೇಕೇನು?”

ಫಕೀರಮ್ಮನ ಮುಖ ಕೆಂಪಗಾಯಿತು. “ಉಪದೇಶಿಗಳ, ದಿನಾ ಮುಂಜಾನಿ ನೀವು ಚಾಕ್ಕ ಹಾಕೋ ಹಾಲು ಜಿಲಾನಸಾಬನ ಎಮ್ಮೀದು. ಅದು ಗಂಟಲದಾಗ ಸರಳ ಇಳೀತೈತಿ. ಸಾಯೋ ಕೂಸಿನ ನೆತ್ತಿ ಮ್ಯಾಲೆ ನಾಕು ಹನಿ ನೀರು ಬಿದ್ರ ನಿಮಗ ಮೈಲಿಗಿ ಆಕೈತೇನ್ರಿ?”

ಅವರು ಬಾಗಿಲು ಹಾಕಿಕೊಂಡರು. ಗುಣಿ ತೆಗೆಯುವ ಗುಂಪಿನ ಸಣ್ಣಪ್ಪ ಮತ್ತು ಅವನ ಮೂವರು ಶೂರರು ಉಪದೇಶಿಗಳ ಮಾತು ಮೀರಲಾರದೆ ಗೋಡೆಯ ಹೊರಗೆ, ಬಂಡಿದಾರಿಯ ಅಂಚಿನಲ್ಲಿ ಗುಣಿ ತೆಗೆದರು. ಸೀಮೆಎಣ್ಣೆ ಡಬ್ಬಿ ಬರುವ ಹಲಗೆಯ ಪೆಟ್ಟಿಗೆಯಲ್ಲಿ ಕೂಸನ್ನಿಟ್ಟರು. ಪ್ರಾರ್ಥನೆಯ ಪುಸ್ತಕ ನನ್ನ ಕಂಕುಳಲ್ಲೇ ಇತ್ತು. ಬಿಡಿಸಿ ಓದಲು ಎಷ್ಟು ಹೊತ್ತು? ಓದಲಿಲ್ಲ. ನನ್ನ ನೌಕರಿಗೆ ಪ್ರತಿ ವರ್ಷ ಶಿಫಾರಸು ಬರೆಯುವವರು ಕೊಟ್ರಪ್ಪನವರು. ಹೇಡಿ ನಾನು, ಇದಕ್ಕಿಂತ ಮೆತ್ತಗಿನ ಮಾತು ನನಗೆ ಸಿಕ್ಕಿಲ್ಲ.

ಅಲ್ಲಿಂದ ನೇರ ಹುಲಿಗವ್ವನ ಗುಡಿಸಲಿಗೆ ಹೋದೆವು. ಆಕೆಗೆ ರಕ್ತ ಇನ್ನೂ ನಿಂತಿರಲಿಲ್ಲ. ಫಕೀರಮ್ಮನ ಸೆರಗು ಹಿಡಿದು, “ಒಳಗ ಇಟ್ರೇನವ್ವ?” ಎಂದಳು.

ಫಕೀರಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಬಾಯಿಗೆ ಬಂದದ್ದನ್ನು ಎದುರಿಗೇ ಒದರಿಬಿಡುವ ಹೆಂಗಸು ಆಕೆ; ಆಕೆಯ ಬಾಯಿಂದ ಸುಳ್ಳನ್ನು ನಾನು ಕೇಳಿಯೇ ಇರಲಿಲ್ಲ. “ಹೂಂ, ಒಳಗ. ಗ್ವಾಡಿ ಬಗಲಾಗ. ಛಲೋ ಜಾಗಾ,” ಎಂದಳು. ಹುಲಿಗವ್ವ ಕಣ್ಣು ಮುಚ್ಚಿದಳು.

ನಲವತ್ತು ದಿನ ಹೊಸ್ತಿಲು ದಾಟಕೂಡದು ಎಂದು ಹಜರತಬೀ ಬಾಣಂತಿಗೆ ತಾಕೀತು ಮಾಡಿದ್ದಳು. ನಲವತ್ತನೆಯ ದಿನ ಆಕೆ ಎದ್ದು ಮೊದಲು ಹೋಗುವುದು ಎಲ್ಲಿಗೆಂದು ನಮಗೆ ಗೊತ್ತಿತ್ತು. ಹೊರಗೆ ಬರುತ್ತಿದ್ದಂತೆ ಫಕೀರಮ್ಮ ಹೇಳಿದಳು: “ಆಕಿ ಏಳೂದರೊಳಗ ಆ ಕೂಸು ಒಳಗ ಹೋಗಬೇಕ್ರಿ ಅಕ್ಕಾರ. ಅಯ್ಯನವರು ಬರ್ಲಿ. ನಾನೂ ನೋಡ್ತೇನಿ.”

ಆ ತಿಂಗಳೆಲ್ಲ ಆಕೆ ಕುದಿಯುತ್ತಲೇ ಇದ್ದಳು. ಬಂಡಿದಾರಿಯಲ್ಲಿ ಎತ್ತುಗಳು ತುಳಿಯದಂತೆ ಕಲ್ಲು ಹೊತ್ತು ತಂದು ಆ ಜಾಗದ ಸುತ್ತ ಇಟ್ಟಳು. ಯಾರೋ ಪುಣ್ಯಾತ್ಮರು ಒಲೆ ಹೂಡಲು ಅವನ್ನು ಎತ್ತಿಕೊಂಡು ಹೋದರು. ಮತ್ತೆ ತಂದಿಟ್ಟಳು.

ಆಗಸ್ಟಿನ ಮೊದಲ ಶನಿವಾರ ಬೆಳಿಗ್ಗೆ ಕೊಟ್ರಪ್ಪನವರ ಮಗಳು ಶೇಖರಮ್ಮನಿಗೆ ನೋವು ಎದ್ದಿತು. ಚೊಚ್ಚಲು, ತೌರಿಗೆ ಬಂದಿದ್ದಳು. ಊರಿಗೆ ಒಬ್ಬಳೇ ಸೂಲಗಿತ್ತಿ. ಹಜರತಬೀಯೇ ಬಂದಳು, ಕೊಡವೂ ಅದೇ. ನಮ್ಮ ಸಂಘದ ಹೆಂಗಸರು, “ಹೋಗಬ್ಯಾಡ ಫಕೀರಮ್ಮ, ಅನುಭವಿಸಲಿ,” ಎಂದರು. ಆಕೆ ಅವರ ಮೇಲೇ ಹರಿಹಾಯ್ದಳು. “ಆ ಹುಡಿಗಿ ಏನ ಮಾಡ್ಯಾಳ್ರೇ? ಕೂಸು ಏನ ಮಾಡೈತಿ? ಬಾಯಿ ಮುಚ್ಚಿಕೊಂಡು ಗಂಜಿ ಕಾಸ್ರಿ,” ಎಂದು ಸೀರೆ ಎತ್ತಿಕಟ್ಟಿ ಹೋದಳು. ನಾನೂ ಹಿಂದೆಯೇ ಹೋದೆ.

ಕೂಸು ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು ಹುಟ್ಟಿತು. ಗಂಡು. ಒಂದೆರಡು ಸಲ ಬಾಯಿ ತೆರೆಯಿತು, ಅಷ್ಟೇ. ಹೊಸ್ತಿಲಾಚೆ ನಿಂತಿದ್ದ ಕೊಟ್ರಪ್ಪನವರಿಗೆ ಅದು ಗೊತ್ತಾಯಿತು. “ಫಕೀರಮ್ಮ, ಯವ್ವಾ, ಲಗೂ ಹೇಳ! ನೀರು ಹಾಕ ಯವ್ವಾ!” ಎಂದು ಆ ಮನುಷ್ಯ ಕೂಗಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ. ಅದು ಯಾರ ಕೊಡದ ನೀರು ಎಂದು ಅವರು ಕೇಳಲಿಲ್ಲ. ಫಕೀರಮ್ಮ ನೀರು ಹಾಕಿದಳು, ಮಾತು ಹೇಳಿದಳು, ಯೋಹಾನ ಎಂದು ಹೆಸರಿಟ್ಟಳು. ಕೂಸು ಉಳಿಯಲಿಲ್ಲ.

ಮರುದಿನ ಅಯ್ಯನವರು ರೈಲಿಳಿದು ಬಂದಾಗ ಹಿತ್ತಲಿನ ಬೀಗ ತೆರೆದಿತ್ತು, ಗೋಡೆಯ ಒಳಗೆ ಸಣ್ಣ ಗುಣಿ ತಯಾರಾಗಿತ್ತು. ಸಭೆಯೆಲ್ಲ ಸುತ್ತ ನಿಂತಿತ್ತು. ಅಯ್ಯನವರು ಪುಸ್ತಕ ತೆರೆಯುವ ಮೊದಲು, “ದೀಕ್ಷಾಸ್ನಾನ ಕೊಟ್ಟವರು ಯಾರು?” ಎಂದು ಕೇಳಿದರು. ಕೊಟ್ರಪ್ಪನವರು ಮುಂದೆ ಬಂದು, “ನಾನು ಅಯ್ಯನವರ. ಹೊಸ್ತಿಲಲ್ಲಿ ನಿಂತು ಮಾತು ನಾನೇ ಹೇಳಿದೆ. ಹೆಂಗಸು ಒಳಗೆ ನೀರು ಹಾಕಿದಳು,” ಎಂದರು.

ಹೀಗೂ ನಾಚಿಕೆ ಬಿಡುವುದುಂಟೇ! ಅಯ್ಯನವರು ಪುಸ್ತಕ ಮುಚ್ಚಿದರು. “ಹಾಗಾದರೆ ಅದು ದೀಕ್ಷಾಸ್ನಾನವೇ ಅಲ್ಲ, ಕೊಟ್ರಪ್ಪನವರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆಗುವ ಹಾಗಿಲ್ಲ,” ಎಂದರು. ಕೊಟ್ರಪ್ಪನವರ ಮುಖ ಬಿಳಿಚಿತು. ತನ್ನ ಬಾಯಿಂದಲೇ ತನ್ನ ಮೊಮ್ಮಗನನ್ನು ಗೋಡೆಯ ಹೊರಗೆ ಹಾಕಿಕೊಂಡಿದ್ದರು.

ಫಕೀರಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ.

“ಸುಳ್ರಿ ಅಯ್ಯನವರ,” ಎಂದಳು. “ನೀರು ಹಾಕಿದಾಕಿ ನಾನ, ಮಾತು ಹೇಳಿದಾಕೀನೂ ನಾನ. ಅಕ್ಕಾರನೂ ಅಲ್ಲೇ ಇದ್ರು, ಕೇಳ್ರಿ. ಈ ಕೂಸು ಒಳಗ ಇರ್ಲಿ. ಆದ್ರ ಇದಕ್ಕ ಹಾಕಿದ ನೀರ ಹುಲಿಗವ್ವನ ಕೂಸಿಗೂ ಹಾಕೇನಿ, ಇದಕ್ಕ ಹೇಳಿದ ಮಾತ ಅದಕ್ಕೂ ಹೇಳೇನಿ. ಅದನ್ನ ಯಾಕ ದಾರ್ಯಾಗ ಹಾಕ್ಯಾರ? ಕೇಳ್ರಿ ಇವರನ್ನ!”

ಅಯ್ಯನವರು ನನ್ನ ಕಡೆ ತಿರುಗಿದರು. ಈ ಸಲ ಹೇಳಿದೆ, ಕೊಡದಿಂದ ಹಿಡಿದು ಬೀಗದ ತನಕ ಎಲ್ಲವನ್ನೂ. ಅವರು ಎಲ್ಲ ಕೇಳಿ, “ತಪ್ಪಾಗಿದೆ, ದೊಡ್ಡ ತಪ್ಪು. ಆದರೆ ಹೂತದ್ದನ್ನು ತೆಗೆಯಬೇಕಾದರೆ ಕಚೇರಿಯ ಹುಕುಂ ಬೇಕಾಗುತ್ತದೆ. ಅರ್ಜಿ ಬರೆಯೋಣ,” ಎಂದರು.

“ಹೊರಗ ಹಾಕಾಕ ಯಾವ ಕಚೇರಿ ಹುಕುಂ ತಂದಿದ್ರ್ಯೋ?” ಎಂದು ಫಕೀರಮ್ಮ ಗುಣಿ ತೆಗೆಯುವ ಗಂಡಸರ ಮೇಲೆ ತಿರುಗಿಬಿದ್ದಳು. “ಸಣ್ಣಪ್ಪಾ, ಸೇವಾ ಅಂತೀರಿ, ಸೇವಾ! ನಿಮ್ಮ ಸೇವಾಕ್ಕ ಬೆಂಕಿ ಬೀಳ್ಲಿ! ಕೊಡ ಇಲ್ಲಿ!” ಅವನ ಕೈಯ ಗುದ್ದಲಿ ಕಿತ್ತುಕೊಂಡು ಹಿತ್ತಲಿನ ಬಾಗಿಲು ದಾಟಿ ಹೋದಳು. ನಾಲ್ಕು ಏಟು ಹಾಕುವಷ್ಟರಲ್ಲಿ ಸಣ್ಣಪ್ಪ ಹಿಂದೆ ಬಂದು ಗುದ್ದಲಿ ಇಸಿದುಕೊಂಡ. ಉಳಿದ ಮೂವರು ಒಳಗೆ ಇನ್ನೊಂದು ಗುಣಿಗೆ ಕೈಹಚ್ಚಿದರು. ಅಯ್ಯನವರು ತಡೆಯಲಿಲ್ಲ.

ಪೆಟ್ಟಿಗೆ ಮೇಲೆ ಬಂತು. ಮಳೆಗೆ ಹಲಗೆ ಕಪ್ಪಾಗಿತ್ತು. ಫಕೀರಮ್ಮ ಅದರ ಮಣ್ಣೊರೆಸಿ, ವೇದಿಗೆ ಹಾಸಲು ತಾನೇ ಒಗೆದಿಟ್ಟಿದ್ದ ಬಿಳಿ ಬಟ್ಟೆಯಲ್ಲಿ ಸುತ್ತಿ, ಕೊಟ್ರಪ್ಪನವರ ಎದುರು ಹಿಡಿದಳು.

“ಹೊರಗ ಹಾಕಿಸಿದವರು ನೀವು. ನೀವ ಒಳಗ ತರ್ರಿ.”

ಅವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಬೇರೆಲ್ಲೋ ನೋಡುತ್ತಿದ್ದರು. ಕೊಟ್ರಪ್ಪನವರು ಎರಡೂ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡರು, ಬಾಗಿಲೊಳಗೆ ನಡೆದರು. ಎರಡೂ ಕೂಸುಗಳಿಗೆ ಒಂದೇ ಪ್ರಾರ್ಥನೆ ಓದಿ ಪಕ್ಕಪಕ್ಕದಲ್ಲೇ ಮಣ್ಣು ಮಾಡಿದೆವು.

ಈ ಕಥೆ ಇಲ್ಲಿಗೆ ಮುಗಿದಿದ್ದರೆ ಫಕೀರಮ್ಮನ ಸಿಟ್ಟೂ ಇಳಿಯುತ್ತಿತ್ತೇನೋ. ಹುಲಿಗವ್ವನಿಗೆ ಯಾರೂ ಏನೂ ಹೇಳಬಾರದೆಂದು ಓಬಳೆಪ್ಪನಿಂದ ಹಿಡಿದು ಓಣಿಗೆಲ್ಲ ಕಟ್ಟಪ್ಪಣೆ ಮಾಡಿದ್ದಳು. ಸುಳ್ಳು ಈಗ ನಿಜವಾಗಿದೆಯಲ್ಲ, ಇನ್ನು ಹೇಳುವುದೇನಿದೆ ಎಂಬುದು ಆಕೆಯ ಲೆಕ್ಕ. ನಲವತ್ತನೆಯ ದಿನ ತಾನೇ ಹುಲಿಗವ್ವನ ರಟ್ಟೆ ಹಿಡಿದು ಹಿತ್ತಲಿಗೆ ಕರೆತಂದಳು. ಜೊತೆಗೆ ನಾನಿದ್ದೆ.

“ಇದ ನೋಡವ್ವ,” ಎಂದಳು ಫಕೀರಮ್ಮ.

ಹುಲಿಗವ್ವ ಕೂತು ಮಣ್ಣು ಮುಟ್ಟಿದಳು. ಅಳಲಿಲ್ಲ. ಪಕ್ಕದ ಮಣ್ಣಿನ ಗುಡ್ಡೆಯತ್ತ ಕೈ ಮಾಡಿ, “ಇದು ಯಾರದು?” ಎಂದಳು.

“ಶೇಖರಮ್ಮಂದು. ಹದಿನೈದು ದಿನ ಆತು.”

ಹುಲಿಗವ್ವ ಎರಡನ್ನೂ ನೋಡಿದಳು. ಹಿತ್ತಲಿನ ಉಳಿದ ಜಾಗದಲ್ಲೆಲ್ಲ ಶ್ರಾವಣದ ಹುಲ್ಲು ಮೊಣಕಾಲಿಗೆ ಬಂದಿತ್ತು. ಈ ಎರಡರ ಮೇಲೆ ಮಾತ್ರ ಇನ್ನೂ ಹಸಿ ಕೆಂಪು ಮಣ್ಣು.

“ಎರಡೂ ಒಂದ ದಿನ ತೆಗದಂಗ ಅದಾವಲ್ಲವ್ವ,” ಎಂದಳು. “ನನ್ನ ಕೂಸು ಅಲ್ಲೀತನಕ ಎಲ್ಲಿತ್ತು?”

ಫಕೀರಮ್ಮ ಆಕೆಯ ಮುಂದೆ ಮಣ್ಣಿನಲ್ಲಿ ಕೂತಳು. ಕೊಟ್ರಪ್ಪನವರ ಎದುರು, ಅಯ್ಯನವರ ಎದುರು ತಡವರಿಸದ ಆ ಬಾಯಿ ಈಗ ತಡವರಿಸಿತು.

“ದಾರ್ಯಾಗ,” ಎಂದಳು.