ಉಪ್ಪಿನ ಮಾತು

ಬೀರುವಿನಲ್ಲಿ ಬೇರೇನೋ ಹುಡುಕುವಾಗ ನನ್ನ ಹಳೆಯ ಟಿ.ಸಿ. ಕೈಗೆ ಬಂತು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅರವತ್ತರ ದಶಕದಲ್ಲಿ ನನ್ನ ಜೊತೆ ಓದಿದ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು, ಅಂದರೆ ಮೇಷ್ಟರು ಹಾಗೆ ಬರೆದುಕೊಂಡಿದ್ದರು. ನನ್ನ ತಾರೀಖು ಮಾತ್ರ ನಿಜವಾದದ್ದು. ಅದು ದೊಡ್ಡವ್ವ ಹೇಳಿದ್ದು...

ಅವಳು ನಮ್ಮವ್ವನ ಅಕ್ಕ. ಇಬ್ಬರನ್ನೂ ಸಿಂಧಘಟ್ಟಕ್ಕೇ ಕೊಟ್ಟಿದ್ದರು, ನಡುವೆ ನಾಲ್ಕೇ ಮನೆ. ಅಕ್ಷರ ಕಲಿಯದ ದೊಡ್ಡವ್ವನಿಗೆ ಊರಿನ ಹುಟ್ಟು, ಸಾವು, ಯಾರ ಎಮ್ಮೆ ಯಾವ ಅಮಾವಾಸ್ಯೆಗೆ ಕರು ಹಾಕಿತು ಎಂಬುದೆಲ್ಲ ನಾಲಗೆಯ ತುದಿಯಲ್ಲಿತ್ತು. ಮಕ್ಕಳನ್ನು ಸ್ಕೂಲಿಗೆ ಸೇರಿಸುವಾಗ ನಿಜವಾದ ತಾರೀಖು ಬೇಕೆನ್ನುವ ಕೆಲವರು ಅವಳ ಜಗುಲಿಗೆ ಬರುತ್ತಿದ್ದರು. ಅವ್ವನೋ, ಒಲೆಯ ಮೇಲೆ ಹಾಲಿಟ್ಟು ಮರೆಯುವವಳು. ದೊಡ್ಡವ್ವನ ತಲೆಯೇ ನನಗೂ ಇರಲಿ ಎಂದು ಆಸೆಪಟ್ಟಿದ್ದೆ. ಇದೆ.

ಆದರೆ ದೊಡ್ಡವ್ವ ನಮ್ಮ ಹೊಸಿಲು ತುಳಿಯುತ್ತಿರಲಿಲ್ಲ. ನನ್ನ ನಾಮಕರಣಕ್ಕೆ ಅಡುಗೆ ಮಾಡಿದವಳು ಅವಳು. ಊಟಕ್ಕೆ ಕೂತವರ ಮುಂದೆ ಅವ್ವ ನಗುತ್ತಾ, "ನಮ್ಮಕ್ಕನೂ ಮರೀತಾಳೆ ಕಣ್ರವ್ವ, ಸಾರಿಗೆ ಉಪ್ಪೇ ಆಕಿಲ್ಲ" ಅಂದಿದ್ದಳಂತೆ. ಅಷ್ಟೇ. ಇದನ್ನು ದೊಡ್ಡವ್ವ ನನಗೆ ಎಷ್ಟು ಸಲ ಹೇಳಿದಳೋ, ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ. "ಆಕಿದ್ದೆ ಕಣ್ಲಾ ಮಗ, ಈ ಕೈಯಾರ ಆಕಿದ್ದೆ" ಎನ್ನುತ್ತಾ ಸೆರಗು ಹಿಂಡುತ್ತಿದ್ದಳು. ಅವ್ವ ಅವಳ ಮನೆಗೆ ಹೋದರೆ ದೊಡ್ಡವ್ವ ಹಿತ್ತಿಲಿಗೆ ಎದ್ದುಹೋಗುತ್ತಿದ್ದಳು. ಅಕ್ಕನಿಗೆ ಯಾವಾಗಲೂ ಕೆಲಸ ಎಂದುಕೊಂಡು ಅವ್ವ ಹಾಯಾಗಿ ವಾಪಸು ಬರುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡವ್ವ ಹಾಸಿಗೆ ಹಿಡಿದಳು. ಅವ್ವ ಗಂಜಿ ಕಾಯಿಸಿಕೊಂಡು ಹೋದಳು, ಜೊತೆಗೆ ನಾನೂ ಇದ್ದೆ. ಎದ್ದುಹೋಗಲು ಅಂದು ದೊಡ್ಡವ್ವನಿಗೆ ಶಕ್ತಿಯಿರಲಿಲ್ಲ.

"ಯಾಕಕ್ಕ, ನಮ್ಮನೆ ಕಡೆ ಬರೋದೇ ಇಲ್ವಲ್ಲ ನೀನು?"

"ಅವತ್ತು ಉಪ್ಪಿನ ಮಾತು ಅಂದ್ಯಲ್ಲ, ಮರ್ತ್‌ಬುಟ್ಯಾ?"

"ಯಾವ ಉಪ್ಪು?"

ಅವ್ವ ನಿಜಕ್ಕೂ ಮರೆತಿದ್ದಳು. ದೊಡ್ಡವ್ವ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು... "ಏನಿಲ್ಲ ಬುಡು" ಎಂದು ಬಾಯಿ ತೆರೆದಳು. ಬಟ್ಟಲಷ್ಟನ್ನೂ ಕುಡಿದಳು. ಮನೆಗೆ ಬಂದು ಪಾತ್ರೆಯಲ್ಲಿ ಉಳಿದಿದ್ದ ಗಂಜಿಯನ್ನು ಬಾಯಿಗಿಟ್ಟುಕೊಂಡೆ. ಉಪ್ಪೇ ಇರಲಿಲ್ಲ.

ಆ ವಾರವೇ ದೊಡ್ಡವ್ವ ಹೋಗಿಬಿಟ್ಟಳು. ಅವ್ವ ಹೋಗಿಯೂ ವರ್ಷಗಳಾದವು.

ಪಾಂಡವಪುರದಲ್ಲಿರುವ ನನ್ನ ತಮ್ಮ ನಾಲ್ಕು ವರ್ಷದ ಹಿಂದೆ ನನಗೊಂದು ಮಾತು ಅಂದ. ಯಾವ ವಾರ, ಯಾರ ಎದುರು, ಯಾವ ಕುರ್ಚಿಯಲ್ಲಿ ಕೂತು ಅಂದ ಎಂಬುದೂ ನನಗೆ ನೆನಪಿದೆ. ಅವನಿಗಿರಲಾರದು. ಅವತ್ತಿನಿಂದ ನಾನು ಅವನ ಹೊಸಿಲು ತುಳಿದಿಲ್ಲ. ಬೆಳಗಿನಿಂದ ಎರಡು ಸಲ ಚಪ್ಪಲಿ ಮೆಟ್ಟಿ ಬಿಚ್ಚಿದ್ದೇನೆ. ಆ ಗಂಜಿ ಕುಡಿಯುವಾಗ ದೊಡ್ಡವ್ವನಿಗೆ ಬಂದ ಬುದ್ಧಿ ನನಗಿನ್ನೂ ಬಂದಿಲ್ಲ. ಹೋಗ್ಬಾರ್ಲಾ ಮಗ ಎಂದು ಬಸ್ಸು ಹತ್ತಿಸಲು ಅವಳೂ ಇಲ್ಲ.