ರತ್ನಳ ಟೋಕನ್ ನನ್ನ ಕೈಯಲ್ಲಿತ್ತು

ಬೋರ್ಡಿನಲ್ಲಿ ಒಂದೂ ಟೋಕನ್ ಉಳಿದಿರಲಿಲ್ಲ. ಅಂದರೆ ಎಲ್ಲರೂ ಲಾಂಚ್ ಹತ್ತಿದ್ದಾರೆ ಅಂತ ಲೆಕ್ಕ. ನಮ್ಮ ಸೂಪರ್‌ವೈಸರ್ ಶಾಮಣ್ಣನವರು "ರೈಟ್, ಹೋಗೋಣ" ಅಂದರು. ಲಾಂಚ್ ದಡ ಬಿಟ್ಟಿತು.

ರತ್ನ ಮಾತ್ರ ಇನ್ನೂ ಸಮುದ್ರದಲ್ಲಿ ಈಜುತ್ತಿದ್ದಳು. ಅವಳ ಟೋಕನ್ ನನ್ನ ಕೈಯಲ್ಲಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಫ್ಯಾಕ್ಟರಿಯಲ್ಲಿ ನಾನೂ ರತ್ನಳೂ ಅಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಅಸೆಂಬ್ಲಿ ಕೆಲಸ ಮಾಡುತ್ತಿದ್ದೆವು. ಆ ವರ್ಷ ನಮ್ಮ ಸೆಕ್ಷನ್ ಟೂರ್ ಕಾರವಾರಕ್ಕೆ.

ಬೆಳಿಗ್ಗೆಯಿಂದ ಸಂಜೆಯವರೆಗೆ ಲಾಂಚಿನಲ್ಲಿ ಸುತ್ತುವುದು, ನಡುನಡುವೆ ಮೂರು ಬೀಚುಗಳಲ್ಲಿ ಇಳಿಯುವುದು. ಈಜು ಬಂದವರು ಈಜಬಹುದು, ಬಾರದವರು ಮರಳಿನಲ್ಲಿ ಆಡಬಹುದು.

ನಲವತ್ತು ಜನರಲ್ಲಿ ಯಾರೂ ತಪ್ಪಿಹೋಗಬಾರದೆಂದು ಶಾಮಣ್ಣನವರು ಫ್ಯಾಕ್ಟರಿ ಬುದ್ಧಿ ಓಡಿಸಿದ್ದರು. ಒಂದು ಹಲಗೆಗೆ ಮೊಳೆ ಹೊಡೆದು, ನಮ್ಮ ನಂಬರ್ ಬರೆದ ರಟ್ಟಿನ ಟೋಕನ್‌ಗಳನ್ನು ತಂದಿದ್ದರು. ಲಾಂಚಿನಿಂದ ಇಳಿಯುವಾಗ ಟೋಕನನ್ನು ಮೊಳೆಗೆ ಹಾಕಬೇಕು, ವಾಪಸ್ ಹತ್ತಿದಾಗ ತೆಗೆದುಕೊಳ್ಳಬೇಕು. ಫ್ಯಾಕ್ಟರಿ ಗೇಟಿನಲ್ಲಿ ದಿನಾ ಟೋಕನ್ ತೆಗೆದು ಒಳಗೆ ಹೋಗುವವರಿಗೆ ಇದನ್ನೇನು ಹೇಳಿಕೊಡಬೇಕು?

ಆದರೆ ಗೇಟಿನಲ್ಲಿ ನಾವು ದಿನಾ ಮಾಡುತ್ತಿದ್ದ ಇನ್ನೊಂದು ಕೆಲಸವೂ ಇತ್ತು.

ರತ್ನ ಬಾಗಲಗುಂಟೆಯ ಬೇಸಾಯದ ಮನೆಯವಳು. ಹಸುಗಳ ಹಾಲು ಕರೆದು, ಅಡುಗೆ ಮುಗಿಸಿ, ಓಡೋಡಿ ಬರುವಷ್ಟರಲ್ಲಿ ಸೈರನ್ ಆಗಿರುತ್ತಿತ್ತು. ಸೈರನ್ ಆದ ಮೇಲೆ ಬೋರ್ಡಿನಲ್ಲಿ ಟೋಕನ್ ಉಳಿದರೆ ಅರ್ಧ ದಿನದ ರಜೆ ಕಟ್. ಅದಕ್ಕೇ ನನ್ನ ಟೋಕನ್ ಜೊತೆ ಅವಳದ್ದನ್ನೂ ನಾನೇ ತೆಗೆದುಬಿಡುತ್ತಿದ್ದೆ. ನನಗೆ ಲೇಟಾದ ದಿನ ಅವಳು ನನ್ನದನ್ನು ತೆಗೆಯುತ್ತಿದ್ದಳು.

ಅದು ತಪ್ಪು ಅಂತ ಇಬ್ಬರಿಗೂ ಗೊತ್ತಿತ್ತು. ಸ್ನೇಹ ಅಂದುಕೊಂಡಿದ್ದೆವು.

ಎರಡನೆಯ ಬೀಚಿನಲ್ಲಿ ನಾವೆಲ್ಲ ಸೀರೆ ಎತ್ತಿ ಹಿಡಿದು ಪಾದ ಒದ್ದೆ ಮಾಡಿಕೊಳ್ಳುತ್ತಿದ್ದರೆ, ರತ್ನ ಕಚ್ಚೆ ಕಟ್ಟಿ ನೀರಿಗೆ ಬಿದ್ದೇಬಿಟ್ಟಳು. ತೋಟದ ಬಾವಿಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳು. ಮದುವೆಯಾದ ಮೇಲೆ ಅವಳು ಈಜಿದ್ದು ಅವತ್ತೇ ಮೊದಲು. ಅವಳ ಮುಖ ನೋಡಬೇಕಿತ್ತು ನೀವು.

"ಸಾಕು ಬಾರೆ, ಹೊತ್ತಾಯ್ತು" ಅಂದೆ.

"ನೀ ಓಗಿರು. ಆ ಬಂಡೆ ಸುತ್ತಾಕ್ಕಂಡು ಬಂದ್ಬುಟ್ಟೆ" ಅಂದಳು.

ನಾನು ಹೋಗಿ ಲಾಂಚ್ ಹತ್ತಿದೆ. ನನ್ನ ಟೋಕನ್ ತೆಗೆದೆ. ಪಕ್ಕದ ಮೊಳೆಯಲ್ಲಿದ್ದ ಅವಳದ್ದನ್ನೂ ತೆಗೆದೆ. ಯೋಚಿಸಿ ಮಾಡಿದ್ದಲ್ಲ... ಕೈಗೆ ರೂಢಿಯಾಗಿಹೋಗಿತ್ತು.

ಲಾಂಚ್ ಹೊರಟ ಸ್ವಲ್ಪ ಹೊತ್ತಿಗೆ ಪುಳಿಯೋಗರೆ ಹಂಚತೊಡಗಿದರು. ರತ್ನಳಿಗೂ ಒಂದು ಎಲೆ ಈಸಿಕೊಂಡು ತಿರುಗಿ ನೋಡಿದರೆ ಅವಳಿಲ್ಲ. ಹಿಂದೆ ಇಲ್ಲ, ಇಂಜಿನ್ ಹತ್ತಿರ ಇಲ್ಲ. ಎಲೆ ಅಲ್ಲೇ ಇಟ್ಟು ಶಾಮಣ್ಣನವರ ಹತ್ತಿರ ಹೋದೆ.

"ಸಾರ್, ರತ್ನ ಕಾಣ್ತಿಲ್ಲ."

ಶಾಮಣ್ಣನವರು ಬೋರ್ಡಿನ ಕಡೆ ನೋಡಿದರು. "ಟೋಕನ್ ತಗೊಂಡಿದಾಳಲ್ಲಮ್ಮ. ಮೇಲೆ ಎಲ್ಲೋ ಇರ್ತಾಳೆ, ನೋಡು."

"ನಾನೇ ತೆಗೆದೆ ಸಾರ್" ಅನ್ನಬೇಕಿತ್ತು. ಅಷ್ಟೇ.

ಅನ್ನಲಿಲ್ಲ.

ನನ್ನ ಕೆಲಸ ಇನ್ನೂ ಕನ್ಫರ್ಮ್ ಆಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಪಕ್ಕದ ಸೆಕ್ಷನ್‌ನಲ್ಲಿ ಇಬ್ಬರನ್ನು ಬೇರೆಯವರ ಟೋಕನ್ ತೆಗೆದದ್ದಕ್ಕೇ ಸಸ್ಪೆಂಡ್ ಮಾಡಿದ್ದರು. ಇಲ್ಲಿ ಒಪ್ಪಿಕೊಂಡರೆ "ಗೇಟಲ್ಲೂ ಹೀಗೇನಾ ಮಾಡೋದು?" ಅಂತ ಕೇಳದೆ ಇರುತ್ತಾರೆಯೇ? ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ಮೇಲೆ ನೋಡ್ತೀನಿ ಸಾರ್" ಅಂದು ಮೆಟ್ಟಿಲು ಹತ್ತಿದೆ. ಅವಳು ಅಲ್ಲಿಲ್ಲ ಅಂತ ಗೊತ್ತಿದ್ದೂ ಹುಡುಕುವವಳ ಹಾಗೆ ಓಡಾಡಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಲಾಂಚ್ ಹೋಗುತ್ತಲೇ ಇದೆ, ಆ ಬೀಚು ಚಿಕ್ಕದಾಗುತ್ತಲೇ ಇದೆ, ನಾನು ನನ್ನ ಕೆಲಸದ ಬಗ್ಗೆ ಯೋಚಿಸುತ್ತಿದ್ದೇನೆ.

ಕೆಳಗಿನಿಂದ ಯಾರೋ "ರತ್ನ ಊಟ ಮಾಡಲ್ವೇನೇ?" ಅಂತ ಕೂಗಿದರು. ಆಗ ಇಳಿದು ಬಂದು ಎರಡೂ ಟೋಕನ್‌ಗಳನ್ನು ಶಾಮಣ್ಣನವರ ಕೈಗಿಟ್ಟೆ. ಅವರು ತಕ್ಷಣ ಲಾಂಚ್ ನಡೆಸುವವರ ಹತ್ತಿರ ಓಡಿದರು.

ಲಾಂಚ್ ತಿರುಗಿಸಿಕೊಂಡು ಹೋದರೆ ಬೀಚಿನಲ್ಲಿ ಅವಳ ಚಪ್ಪಲಿ ಇತ್ತು. ಅವಳಿರಲಿಲ್ಲ.

ನಾವು ಹೊರಟಿದ್ದು ಕಂಡು, ಕೂಗಿದರೆ ಕೇಳಿಸೀತೆಂದು ಲಾಂಚಿನ ಹಿಂದೆಯೇ ಈಜಿಕೊಂಡು ಬಂದಿದ್ದಾಳೆ ಪುಣ್ಯಾತ್ಗಿತ್ತಿ. ವಾಪಸ್ ಹೋಗಲು ಶಕ್ತಿ ಉಳಿದಿಲ್ಲ. ಮತ್ತೆ ನೀರಿನಲ್ಲಿ ಹುಡುಕಿದರೆ, ನಾವು ಬಂದ ದಾರಿಯಿಂದ ಪಕ್ಕಕ್ಕೆ, ಮೀನಿನ ಬಲೆಗೆ ಕಟ್ಟಿದ್ದ ತೇಲುವ ಬೆಂಡನ್ನು ಹಿಡಿದುಕೊಂಡು ನೇತಾಡುತ್ತಿದ್ದಳು. ಎಳೆದು ಮೇಲೆ ಹಾಕಿಕೊಂಡಾಗ ತುಟಿಯೆಲ್ಲ ನೀಲಿಯಾಗಿತ್ತು.

"ಇನ್ನು ಹತ್ತು ನಿಮಿಷ ಆಗಿದ್ರೆ ಕಷ್ಟ ಇತ್ತು" ಅಂದರು ಲಾಂಚಿನವರು.

ನಾನು ಬಾಯಿ ಮುಚ್ಚಿಕೊಂಡಿದ್ದದ್ದೂ ಅಷ್ಟೇ ಹೊತ್ತು.

ಶಾಮಣ್ಣನವರು ರಿಪೋರ್ಟ್ ಬರೆಯಲಿಲ್ಲ. ಬೆಂಗಳೂರು ತಲುಪುವವರೆಗೂ ಟೋಕನ್ ಬಿಟ್ಟು ತಲೆ ಎಣಿಸಿದರು. ನನ್ನ ಕೆಲಸ ಕನ್ಫರ್ಮ್ ಆಯಿತು, ರಿಟೈರ್ ಕೂಡ ಆದೆ.

ಟೋಕನ್ ತೆಗೆದದ್ದನ್ನು ರತ್ನಳಿಗೆ ಅವತ್ತೇ ಹೇಳಿದೆ. "ಬುಡು, ನಾನಾಗಿದ್ರೂ ತೆಗೀತಿದ್ದೆ. ನಾನಿಲ್ಲ ಅಂತ ಮೊದ್ಲು ನೋಡಿದೋಳು ನೀನೇ ಅಲ್ವಾ?" ಅಂದು ನನ್ನ ಕೈ ಹಿಡಿದುಕೊಂಡಳು. ಆ ಹತ್ತು ನಿಮಿಷದ ವಿಷಯ ಹೇಳಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅವಳ ಮನೆಯ ಯಾವ ಕಾರ್ಯಕ್ಕೆ ಹೋದರೂ ಅದೇ ಮಾತು. "ನನ್ ಪ್ರಾಣ ಉಳ್ಸಿದೋಳು ಇವ್ಳೇ." ಮಗಳ ಮದುವೆಯಲ್ಲಿ ಹಾಗಂತ ಹೇಳಿ ಸೀರೆ ಉಡುಗೊರೆ ಕೊಟ್ಟಳು. ನಾನು ತೆಗೆದುಕೊಂಡೆ, ಉಟ್ಟೂ ಉಟ್ಟೆ.

ಹೋದ ಭಾನುವಾರ ಅವಳ ಮೊಮ್ಮಗುವಿನ ನಾಮಕರಣ. ಕೂಸನ್ನು ನನ್ನ ಮಡಿಲಿಗೆ ಹಾಕಿ, "ಈ ಅಜ್ಜಿ ಇರ್ಲಿಲ್ಲ ಅಂದಿದ್ರೆ ನೀನೆಲ್ಲಿರ್ತಿದ್ದೆ" ಅಂದಳು. ಎಲ್ಲರೂ ನನ್ನನ್ನೇ ನೋಡಿದರು. ನಾನು ಎಂದಿನಂತೆ ನಕ್ಕೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾನು ಇದನ್ನು ಬರೆಯುತ್ತಿರುವ ಫೇಸ್‌ಬುಕ್ಕಿನಲ್ಲಿ ರತ್ನ ಇಲ್ಲ. ಅವಳ ಮಗಳು ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾಳೆ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಸವಿತಾ, ಇದನ್ನ ಅಮ್ಮನಿಗೆ ಓದಿ ಹೇಳ್ತೀಯೇನಮ್ಮ?