ಬೀರುವಿನಲ್ಲಿ ಸಿಕ್ಕಿಕೊಂಡ ನಜೀಬಾಳ ಲೋಟ

ನಜೀಬಾ ಮೊದಲು ನಮ್ಮ ಸ್ಫಾಕ್ಸ್ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಸಂಜೆ ಕ್ಲಾಸಿಗೆ ಹೋಗಿ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿತಳು. ಈಗ ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಪ್ರೋಗ್ರಾಂ ಬರೆದುಕೊಡುತ್ತಾಳೆ. ಹೊಲಿಗೆ ತಪ್ಪಿದರೆ ಗಂಟಿನವರೆಗೂ ಬಿಚ್ಚುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ನಾನೋ, ಮುನ್ಸಿಫ್ ಅಂತ ಹೆಸರು, ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ತಾಳ್ಮೆ ಅಷ್ಟಕ್ಕಷ್ಟೆ.

ನನ್ನದು ಹಳೆ ಕಾರುಗಳ ಬಿಡಿಭಾಗದ ಅಂಗಡಿ. ಮರದ ಪೆಟ್ಟಿಗೆಗಳ ಕಾರ್ಡುಗಳಲ್ಲಿದ್ದ ಆರು ಸಾವಿರ ಸಾಮಾನಿನ ಹೆಸರನ್ನೂ ನಜೀಬಾ ಕಂಪ್ಯೂಟರಿಗೆ ಹಾಕಿದಳು. ಆದರೆ ನಮ್ಮ ಮೆಕ್ಯಾನಿಕ್ಕುಗಳು ಪೂರ್ತಿ ಹೆಸರು ಹೇಳುವ ಜಾತಿಯವರಲ್ಲ. ಅರ್ಧ ಹೆಸರಿಗೂ ಸಿಗಲಿ ಅಂತ ನಿನ್ನೆ ಏನೋ ಬದಲಾಯಿಸಿ ಹೋದಳು.

ಬೆಳಗ್ಗೆ ಮೆಕ್ಯಾನಿಕ್ ಲಜ್ಹರ್ ಬಂದು "ಪಂಪು" ಅಂದ. ಟೈಪ್ ಮಾಡಿದೆ. 'ಸಾಮಾನಿಲ್ಲ' ಅಂತ ಬಂತು. ನನ್ನ ತಲೆಯ ಮೇಲಿನ ಅಟ್ಟದ ತುಂಬ ಪಂಪು!

"ಪೂರ್ತಿ ಹೆಸರು ಹೇಳೋ!"

"ಅದು ಗೊತ್ತಿದ್ರೆ ನಿನ್ನ ಮುಖ ಯಾಕೆ ನೋಡ್ತಿದ್ದೆ, ಮುನ್ಸಿಫ್?"

ಪಿತ್ತ ನೆತ್ತಿಗೇರಿತು. ನಜೀಬಾಗೆ ಫೋನ್ ಮಾಡಿದೆ. "ಮಧ್ಯಾಹ್ನದ ಆಜಾನ್ ಒಳಗೆ ಸರಿಮಾಡು. ಇಲ್ಲಾಂದ್ರೆ ನಿನ್ನ ಕಂಪ್ಯೂಟರು ಬೀದಿಗೆ, ನಾನು ನನ್ನ ಕಾರ್ಡಿಗೆ!" ನಾನು ಬಿಟ್ಟರೆ ಬೀದಿಯವರೆಲ್ಲ ಅವಳನ್ನು ಬಿಡುತ್ತಾರೆ, ಅದು ಇಬ್ಬರಿಗೂ ಗೊತ್ತಿತ್ತು.

ಬಂದವಳು ಪ್ರೋಗ್ರಾಮನ್ನು ಸಾಲು ಸಾಲಾಗಿ ಬಿಚ್ಚತೊಡಗಿದಳು. ಕೊನೆಗೆ ತಲೆ ಚಚ್ಚಿಕೊಂಡಳು. "ತಪ್ಪು ತೋರಿಸೋ ಕೆಂಪಕ್ಷರ ಕಂಡ್ರೆ ನೀವು ಕೂಗಾಡ್ತೀರಿ ಅಂತ, ಏನು ತಪ್ಪಾದ್ರೂ 'ಸಾಮಾನಿಲ್ಲ' ಅನ್ನೋ ಹಾಗೆ ಮಾಡಿಟ್ಟಿದ್ದೆ, ಕಾಕಾ!"

ಅದನ್ನು ಕಿತ್ತ ಕೂಡಲೇ ಕೆಂಪಕ್ಷರ ಬಂತು: ಪದ ಒಂದು ಕೊಟ್ಟಿದ್ದೀರಿ, ಇಡಲು ಜಾಗವೇ ಇಲ್ಲ.

"ಹಂಗಂದ್ರೇನು?"

ಅವಳು ಪರದೆಯ ಮೇಲೆ '%?%' ಅಂತಿದ್ದ ಕಡೆ ಬೆರಳಿಟ್ಟಳು. "ಈ ಪ್ರಶ್ನೆ ಗುರುತು ಖಾಲಿ ಲೋಟ. ನೀವು ಟೈಪ್ ಮಾಡೋದು ಚಹಾ. ನಾನು ಲೋಟಾನ ಕೋಟ್ ಗುರುತಿನೊಳಗೆ ಇಟ್ಟು ಬೀರುಗೆ ಬೀಗ ಹಾಕಿದ್ದೀನಿ. ಎಲ್ಲಿ ಸುರೀತೀರಿ?"

"ಆ ಶೇಕಡಾ ಗುರುತು?"

"ಹಿಂದೆ ಮುಂದೆ ಏನಿದ್ರೂ ಸರಿ ಅಂತ. ಅದು ಬಾದಾಮಿ. ನಮ್ಮೂರಲ್ಲಿ ಹಾಕೋ ಹಾಗೆ ಚಹಾಕ್ಕೇ ಹಾಕ್ಬೇಕು, ಬೀರುಗಲ್ಲ."

"ಲೋಟದ ಗೊಡವೆನೇ ಬೇಡ, ಪದಾನ ಸಾಲಿಗೇ ಅಂಟಿಸಿಬಿಡು!"

"ಯಾವನೋ ಅಲ್ಲಿ ಸಾಮಾನಿನ ಹೆಸರಿನ ಬದಲು ಅಳಿಸೋ ಹುಕುಂ ಬರೆದ್ರೆ ನಿಮ್ಮ ಪಟ್ಟಿನೇ ಅಳಿಸಿಹೋಗತ್ತೆ. ಆಮೇಲೆ ಯಾರನ್ನ ಬೈತೀರಿ?"

"ಸರಿ ಮಾರಾಯ್ತಿ, ನೀನು ಹೇಳಿದ ಹಾಗೇ ಆಗ್ಲಿ," ಅಂದೆ. "ಇಪ್ಪತ್ತು ವರ್ಷದಲ್ಲಿ ಇದೇ ಮೊದಲು!" ಅಂದ ಲಜ್ಹರ್.

ಕೋಟ್ ಗುರುತು ತೆಗೆದು, ಶೇಕಡಾ ಗುರುತುಗಳನ್ನು ಪದದ ಎರಡೂ ಬದಿಗೆ ಅಂಟಿಸಿ ಕಳಿಸಿದಳು. ನಲವತ್ತೊಂದು ಪಂಪು ಸಾಲಾಗಿ ನಿಂತವು. "ಏಳನೇದು!" ಅಂತ ಲಜ್ಹರ್ ಕೂಗುವಾಗಲೇ ಆಜಾನ್ ಶುರುವಾಯಿತು.

"ಇನ್ಮೇಲೆ ಕೆಂಪಕ್ಷರ ಬಂದೇ ಬರತ್ತೆ, ಕೂಗಾಡ್ಕೊಳಿ," ಅಂದಳು ನಜೀಬಾ. "ಮತ್ತೆ ಆ ಕಾರ್ಡಿನ ಪೆಟ್ಟಿಗೆಗಳು ನನಗೆ ಬೇಕು."

ನಾನೇ ಹೊತ್ತುಕೊಂಡು ಹೋಗಿ ಅವಳ ತಾರಸಿ ಮೇಲಿಟ್ಟು ಬಂದೆ. ಈಗ ಅವುಗಳಲ್ಲಿ ಪುದೀನ ಬೆಳೆದಿದೆ. ನನ್ನ ಚಹಾಕ್ಕೆ ಅಲ್ಲಿಂದಲೇ ಬರುತ್ತದೆ.